ಮಾರೆವ್ವನ ಕಡಲೆ ಹುಳಿ

ಕುಷ್ಟಗಿ ಸೀಮೆಯಲ್ಲಿ ಹೊಟ್ಟೆ ಉಬ್ಬಿ ಬಿದ್ದ ಎತ್ತುಗಳಿಗೆ ಕಡಲೆ ಹುಳಿ ಕುಡಿಸಿ ಎಬ್ಬಿಸಿದವನು ಮುದುಕಪ್ಪ. ಅವನ ಮಗ ಪಕ್ಕೀರಪ್ಪ ಊರ ಜನರ ಹೊಟ್ಟೆನೋವಿಗೆಲ್ಲ ಅದೇ ಹುಳಿ ಕೊಟ್ಟ. ಪಕ್ಕೀರಪ್ಪನ ಮಗಳು ಮಾರೆವ್ವನಿಗೆ ಇಬ್ಬರ ವಿದ್ಯೆಯ ಜೊತೆ ಇಬ್ಬರ ಹಠವೂ ಬಂದಿತ್ತು.

ಇಬ್ಬನಿಯ ದಿನಗಳಲ್ಲಿ ನಸುಕಿನಲ್ಲೇ ಕಡಲೆ ಗಿಡಗಳ ಮೇಲೆ ಬಟ್ಟೆ ಎಳೆದು, ಅದು ಹೀರಿದ ಹುಳಿಯನ್ನು ಗಡಿಗೆಗೆ ಹಿಂಡುವುದು ಅವಳ ಕೆಲಸ. ಎಪ್ಪತ್ತೆಂಟನೇ ಇಸವಿಯ ಚಳಿಗಾಲದಲ್ಲಿ ಆ ಹುಳಿಗೆ ಬೆರಳೆಲ್ಲ ಬಿರಿದವು. ಉರಿ ತಾಳದೆ ಎಲೆಯಡಿಕೆಯ ಸುಣ್ಣ ತೆಗೆದು ಗಾಯಕ್ಕೆ ಮೆತ್ತಿಕೊಂಡಳು. ಸುಣ್ಣ ಬಿದ್ದರೆ ಹುಳಿ ಸಾಯುತ್ತದಂತೆ! ಗಡಿಗೆಯಲ್ಲಿ ಸಾಯಬಹುದು, ಗಾಯದಲ್ಲಿ ಸುಣ್ಣವೂ ಚರ್ಮವನ್ನೇ ತಿನ್ನುತ್ತದೆ. ಸಂಜೆಗೆ ಅಂಗೈ ಸುಲಿದು ಕೆಂಪಾಯಿತು.

"ಎರಡೂ ಸುಡತಾವ, ಬರೇ ನೀರಾಗ ತೊಳಕೊಳ್ಳವ್ವಾ," ಎಂದು ನೆರೆಮನೆಯ ನಾನು ಗಂಟಲು ಹರಿದುಕೊಂಡೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತು.

"ನೀರಿಲೇ ಆರಾಮ ಆಗೋದಿದ್ರ, ಎಮ್ಮಿಗೆ ಯಾವ ಜಡ್ಡೂ ಬರಬಾರದಿತ್ತೋ ಯಣ್ಣಾ!" ಎಂದಳು.

ಮರುದಿನ ಬೆರಳು ಮಡಚಲಾಗಲಿಲ್ಲ. ಇಬ್ಬನಿ ಮುಗಿಯುವುದರೊಳಗೆ ಗಡಿಗೆ ತುಂಬದಿದ್ದರೆ ವರ್ಷವಿಡೀ ಮದ್ದಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬೇಕು. ಸೊಸೆ ಭೀಮಕ್ಕ, "ಕೊಡ್ರಿ ಅತ್ತಿ, ನಾ ಹಿಂಡ್ತೀನಿ," ಎಂದು ಬಟ್ಟೆಗೆ ಕೈ ಹಾಕಿದಳು.

ಮಾರೆವ್ವ ಬಟ್ಟೆಯನ್ನು ಕಿತ್ತುಕೊಂಡು, ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದನ್ನು ಮೊಣಕೈಗೆ ಸುತ್ತಿ ತಿರುವಿದಳು. ಹುಳಿ ಗಡಿಗೆಗೆ ಇಳಿಯಿತು.

"ನೀ ಹಿಂಡಿದ್ರ ಅರ್ಧ ಹುಳಿ ಬಟ್ಟ್ಯಾಗ ಉಳಿತೈತಿ. ಸರಿ ಅತ್ತಾಗ!"