ಆ ಚೆಂಡನ್ನು ತಡೆದವನು

ಭಾನುವಾರ ಸಂಜೆ ಗಂಗಾವತಿಯ ಹೋಟೆಲೊಂದರಲ್ಲಿ ಮಂಡಕ್ಕಿ ಒಗ್ಗರಣೆಯ ತಟ್ಟೆ, ಬಿಸಿ ಮಿರ್ಚಿ ಭಜಿ ಮುಂದಿಟ್ಟುಕೊಂಡು ಕುಳಿತ ಇಬ್ಬರು ವಯಸ್ಸಾದವರು ಏನು ಮಾತಾಡುತ್ತಿರಬಹುದೆಂದು ನೀವು ಸುಲಭವಾಗಿ ಊಹಿಸಬಲ್ಲಿರಿ: ಭತ್ತದ ಧಾರಣೆ, ಕಾಲುವೆಯ ನೀರು, ಸಕ್ಕರೆ ಕಾಯಿಲೆ. ನಾನೂ ನನ್ನ ಗೆಳೆಯ ಶರಣಪ್ಪನೂ ಮಾತಾಡುವುದು ಫುಟ್‌ಬಾಲ್ ಆಟಗಾರರ ಬಗ್ಗೆ. ಅದೂ ಹೆಸರುವಾಸಿಗಳ ಬಗ್ಗೆ ಅಲ್ಲ. ಅವರನ್ನು ನೆನೆಯಲು ಜಗತ್ತೇ ಇದೆ. ನಾಲ್ಕು ದಿನ ಆಡಿ, ಮೊಣಕಾಲು ಸವೆಸಿಕೊಂಡು, ಯಾರ ಗಮನಕ್ಕೂ ಬಾರದೆ ಮೈದಾನದಿಂದ ಮರೆಯಾದವರಿಗೆ ಮಾತ್ರ ನಾವಿಬ್ಬರೇ ದಿಕ್ಕು.

ಪ್ರಾಯದಲ್ಲಿ ನಾವಿಬ್ಬರೂ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರುಗಳಾಗಿದ್ದೆವು. ಕಾರ್ಖಾನೆಗೊಂದು ತಂಡವಿತ್ತು, ಚೆಂಡು ಒದೆಯುವುದಕ್ಕೇ ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡಿದ್ದರು. ಪಾಳಿ ಮುಗಿದೊಡನೆ ಗ್ರೀಸು ಮೆತ್ತಿದ ಕೈಯಲ್ಲೇ ಪಂದ್ಯಕ್ಕೆ ಓಡುತ್ತಿದ್ದೆವು. ಊರಿಗೆ ಮರಳಿ, ಹೊಲಮನೆ, ಮಕ್ಕಳ ಮದುವೆ ಎಲ್ಲ ಮುಗಿದರೂ ಆ ಆಟಗಾರರು ನಮ್ಮನ್ನು ಬಿಡಲಿಲ್ಲ. ಅವರಲ್ಲೂ ಎಡಗಡೆಯ ಡಿಫೆಂಡರ್ ಸೆಲ್ವರಾಜ್. ಫೈನಲ್ ಪಂದ್ಯದ ಕೊನೆಯ ಗಳಿಗೆಯಲ್ಲಿ, ಗೋಲಿನ ಗೆರೆ ದಾಟಲಿದ್ದ ಚೆಂಡನ್ನು ಕೆಸರಿನಲ್ಲಿ ಹಾರಿ ಬಿದ್ದು ತಲೆಯಿಂದ ಹೊರದೂಡಿ, ನಮಗೆ ಕಪ್ ಉಳಿಸಿಕೊಟ್ಟವನು. ಶರಣಪ್ಪ ಇದನ್ನು ತನ್ನ ಮದುವೆಯ ಕಥೆಗಿಂತ ಹೆಚ್ಚು ಸಲ ಹೇಳಿದ್ದಾನೆ, ಹೆಚ್ಚು ಸಂತೋಷದಿಂದಲೂ.

ಕಳೆದ ಬೇಸಿಗೆಯಲ್ಲಿ ಶರಣಪ್ಪನ ರಕ್ತದೊತ್ತಡ ತೋರಿಸಲು ಕೊಪ್ಪಳದ ಆಸ್ಪತ್ರೆಗೆ ಹೋಗಿದ್ದೆವು. ನರ್ಸ್ ತೋಳಿಗೆ ಪಟ್ಟಿ ಸುತ್ತುತ್ತಿದ್ದರೂ ಅವನು ನನಗೆ ಅದೇ ಫೈನಲ್ಲನ್ನು ವರ್ಣಿಸುತ್ತಿದ್ದ. ಆಕೆ ಕೈ ನಿಲ್ಲಿಸಿ, “ನಮ್ಮಪ್ಪನ ಹೆಸರೂ ಸೆಲ್ವರಾಜ್. ಅದೇ ಫ್ಯಾಕ್ಟರಿಗೆ ಆಡ್ತಿದ್ರು. ಇಲ್ಲೇ ನನ್ನ ಜೊತೆ ಕ್ವಾರ್ಟರ್ಸಲ್ಲಿ ಇದಾರೆ” ಎಂದಳು. ಆಮೇಲೆ ಬಂದ ಅಂಕಿಯನ್ನು ಆಕೆ ನಂಬದೆ ಮತ್ತೊಮ್ಮೆ ಪಟ್ಟಿ ಸುತ್ತಬೇಕಾಯಿತು.

ಆಕೆಯ ಹೆಸರು ಮೇರಿ. ಡ್ಯೂಟಿ ಮುಗಿಸಿ ನಮ್ಮನ್ನು ಮನೆಗೆ ಕರೆದೊಯ್ಯುವಾಗ ದಾರಿಯಲ್ಲಿ ಹೇಳಿದಳು: “ಅಪ್ಪ ಆಟದ ಮಾತೇ ಆಡಲ್ಲ. ನಾನು ಕೇಳಿದ್ರೆ ಎದ್ದು ಹೋಗ್ತಾರೆ. ನೀವಾದ್ರೂ ಮಾತಾಡಿಸಿ.”

ಸೆಲ್ವರಾಜ್ ಲುಂಗಿಯುಟ್ಟು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ನಾವದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಶರಣಪ್ಪ ಅವರ ಕೈ ಹಿಡಿದುಕೊಂಡ. “ನಾವು ನಿಮ್ಮನ್ನ ಮರತಿಲ್ರಿ. ಆ ಫೈನಲ್‌ದಾಗ ನೀವು ಚೆಂಡು ತಡದದ್ದು ಇವತ್ತಿಗೂ ಕಣ್ಣಾಗ ಐತ್ರಿ” ಎಂದು ಪೂರ್ತಿ ಕಥೆ ಹೇಳಿದ. ಚಹಾ ತಂದ ಮೇರಿ ಬಾಗಿಲಲ್ಲೇ ನಿಂತು ಕೇಳಿದಳು. ಆಕೆಯ ಮುಖ ಅರಳಿದ್ದನ್ನು ಅಪ್ಪನೂ ನೋಡಿದರು.

“ಅದು ನಾನಲ್ಲ ಸಾರ್” ಎಂದರು.

“ನಿಮ್ಮ ನಂಬರಿನ ಅಂಗಿ ಇತ್ತಲ್ರಿ?”

“ಅಂಗಿ ನಂದೇ. ಒಳಗಿದ್ದವನು ನಮ್ಮ ಟೀಮಿನ ಜಾನಿ. ಆವತ್ತು ನಂಗೆ ಆಡೋ ಚಾನ್ಸೇ ಸಿಗ್ಲಿಲ್ಲ, ಹೊರಗೇ ಕೂತಿದ್ದೆ. ಅವನ ಅಂಗಿ ಹರಿದೋಯ್ತು, ನಂದು ಬಿಚ್ಚಿ ಕೊಟ್ಟೆ. ಮೈಯೆಲ್ಲ ಕೆಸರು, ಮುಖ ಯಾರಿಗೂ ಗೊತ್ತಾಗ್ಲಿಲ್ಲ. ಪೇಪರಲ್ಲೂ ನನ್ನ ಹೆಸರೇ ಬಂತು. ಜಾನಿ ನಕ್ಕುಬಿಟ್ಟ. ನಂಗೆ ನಗು ಬರ್ಲಿಲ್ಲ. ಎಲ್ಲಿ ಹೋದ್ರೂ ಜನ ಅದನ್ನೇ ಹೊಗಳೋರು. ಅದಕ್ಕೇ ಆಟದ ಮಾತೇ ಬಿಟ್ಟೆ.”

ಸೆಲ್ವರಾಜ್ ಸುಮ್ಮನೆ ಚಹಾ ಕುಡಿಯುತ್ತ ತಲೆಯಾಡಿಸಿದ್ದರೆ ಸಾಕಿತ್ತು. ಜಾನಿ ಕೇಳುತ್ತಿರಲಿಲ್ಲ, ನಮಗೆ ಸುಖವಾಗುತ್ತಿತ್ತು, ಮಗಳಿಗೆ ಅಪ್ಪನ ಬಗ್ಗೆ ಹೇಳಿಕೊಳ್ಳಲು ಒಂದು ಕಥೆ ಸಿಗುತ್ತಿತ್ತು. ನಮ್ಮದಲ್ಲದ ಹೊಗಳಿಕೆಗೆ ಹಾಗೆ ತಲೆಯಾಡಿಸದೆ ಇಷ್ಟು ಆಯುಷ್ಯ ಕಳೆದವರು ನಮ್ಮ ನಿಮ್ಮಲ್ಲಿ ಎಷ್ಟು ಜನರಿದ್ದಾರೆಂದು ನನಗೆ ತಿಳಿಯದು. ಮೇರಿ ಚಹಾದ ಲೋಟಗಳನ್ನು ಟೀಪಾಯಿಯ ಮೇಲಿಟ್ಟಳು.

ಶರಣಪ್ಪನ ಮುಖ ಸಾವಿನ ಮನೆಗೆ ಬಂದವನ ಹಾಗಾಗಿತ್ತು. ಕೊನೆಗೆ ಅವನೇ ಚೇತರಿಸಿಕೊಂಡು, “ಹೋಗ್ಲಿ ಬಿಡ್ರಿ. ಯಾರ್ ಆದ್ರೂ ತೆಲಿಲೇ ತಡದದ್ದು ಖರೆ ಐತಿಲ್ರಿ?” ಎಂದ.

“ತಲೆ ಅಲ್ಲ ಸಾರ್. ಎಡಗಾಲು.”

“ತೆಲೀರಿ. ನಾವು ಕಣ್ಣಾರೆ ನೋಡೀವಿ.”

“ನೀವು ಗ್ಯಾಲರೀಲಿ ಇದ್ರಿ. ನಾನು ಬನಿಯನ್‌ನಲ್ಲಿ ಗೋಲ್ ಹಿಂದೇನೇ ನಿಂತಿದ್ದೆ.”

ಇಷ್ಟು ಹೇಳಿ ಅವರು ಎದ್ದರು. ಎದ್ದು ಹೋಗುತ್ತಾರೆಂದೇ ಮೇರಿ ತಿಳಿದಳು, ನಾನೂ ತಿಳಿದೆ. ಅವರು ಲುಂಗಿ ಎತ್ತಿ ಕಟ್ಟಿದರು. ಹೆಗಲ ಮೇಲಿನ ಟವೆಲನ್ನು ಉಂಡೆ ಮಾಡಿ ಶರಣಪ್ಪನ ಕಾಲ ಬುಡಕ್ಕಿಟ್ಟು, ಸೋಫಾದ ಮುಂದೆ ಬಾಗಿ ನಿಂತು, “ಈ ಸೋಫಾನೇ ಗೋಲು. ಒದೀರಿ” ಎಂದರು. ಶರಣಪ್ಪ ಒದ್ದ. ಆ ಮನುಷ್ಯ ಎಡಕ್ಕೆ ಜಾರಿ, ನೆಲಕ್ಕೆ ಒರಗಿ, ಎಡಗಾಲನ್ನು ಉದ್ದಕ್ಕೆ ಚಾಚಿದರು. ಟವೆಲು ಹಾರಿ ಟೀವಿಗೆ ಬಡಿಯಿತು. ಅವರ ಕಾಲಿಗೆ ಅಷ್ಟು ಚುರುಕಿದೆಯೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಜಾನಿ ಮಾಡಿದ್ದು ಹೀಗೆ” ಎಂದರು, ನೆಲದ ಮೇಲಿಂದಲೇ.

ಮೇರಿ ಓಡಿಬಂದು ಅಪ್ಪನ ಮೊಣಕಾಲನ್ನು ಮಡಚಿ ಬಿಡಿಸಿ ನೋಡಿದಳು. ಏನೂ ಆಗಿಲ್ಲವೆಂದಳು. ಆಮೇಲೆ ಟೀಪಾಯಿಯನ್ನು ಲೋಟಗಳ ಸಮೇತ ಎತ್ತಿ ಅಡುಗೆಮನೆಗೆ ಸಾಗಿಸಿ, ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ ಶರಣಪ್ಪನ ಕಾಲ ಬುಡಕ್ಕೆ ತಂದಿಟ್ಟಳು.