ಗಿರಾಕಿಯಾಗಲು ಹೊರಟ ಭಾವ

ನಮ್ಮ ಮನೆಗೆ ಬರುವ ನೆಂಟರು ಮೊದಲನೆಯ ದಿನ ಬಿಸಿನೀರಿನ ವಿಷಯ ಕೇಳುತ್ತಾರೆ, ಎರಡನೆಯ ದಿನ ರೈಲಿನ ವಿಷಯ, ಮೂರನೆಯ ದಿನ ಊಟದ ವಿಷಯ. ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ. ಬಿಸಿನೀರಿನ ಪ್ರಶ್ನೆಗೆ ಉತ್ತರ ಸುಲಭ: ಬೆಳಿಗ್ಗೆ ಆರರಿಂದ ಆರು ಇಪ್ಪತ್ತು, ಆಮೇಲೆ ಕೇಳಬಾರದು. ರೈಲಿನ ಪಟ್ಟಿ ಗೋಡೆಯ ಮೇಲೆಯೇ ಇದೆ. ತೊಡಕಿನದು ಮೂರನೆಯದು. ನೆಂಟರು ಕೇಳುವುದು ನಮ್ಮ ಮನೆಯ ಊಟವನ್ನಲ್ಲ, ನಮ್ಮ ಉಡುಪಿ ಕಡೆಯವರೇ ನಡೆಸುವ ಇಡ್ಲಿ ಹೋಟೆಲುಗಳನ್ನೂ ಅಲ್ಲ. ಇಷ್ಟು ದೂರ ಬಂದ ಮೇಲೆ ಈ ಡೊಂಬಿವಿಲಿ, ಈ ಠಾಣೆ, ಈ ಕಲ್ಯಾಣದ ಜನ ತಲೆತಲಾಂತರದಿಂದ ಏನು ಉಣ್ಣುತ್ತಾರೋ ಅದನ್ನು ಎಲ್ಲಿ ಕೂತು ಉಣ್ಣಬಹುದು ಎಂಬುದು ಅವರ ಜಿಜ್ಞಾಸೆ.

ನೆಂಟರ ಅನುಕೂಲಕ್ಕಾಗಿ ನಾನೊಂದು ನೋಟುಪುಸ್ತಕ ಇಟ್ಟಿದ್ದೇನೆ. ಸ್ಥಳ, ಹೋಗುವ ದಾರಿ, ಸಮಯ ಎಂದು ಮೂರು ಕಲಮು. ದೇವಸ್ಥಾನಕ್ಕೊಂದು ಪುಟ, ಕಣ್ಣಿನ ಡಾಕ್ಟರಿಗೊಂದು ಪುಟ, ವಾಶಿಯ ಶಾಪಿಂಗ್ ಮಾಲಿಗೊಂದು ಪುಟ. ಠಾಣೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ಅನ್ಯರು ತಡವಾಗಿ ಬಂದದ್ದನ್ನು ನಿಮಿಷ ಸಹಿತ ಬರೆದಿಟ್ಟ ಕೈ ಇದು. ನಿವೃತ್ತಿಯಾದ ಮೇಲೆ ಅದಕ್ಕೂ ಏನಾದರೊಂದು ಕೆಲಸ ಬೇಕಲ್ಲ. ಆದರೆ 'ಊರಿನ ಊಟ' ಎಂದು ಶಿರೋನಾಮೆ ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ ಪುಟ ಮಾತ್ರ ಎಷ್ಟೋ ಕಾಲ ಖಾಲಿಯಾಗಿಯೇ ಉಳಿದಿತ್ತು. ಕಾರಣ, ನನಗೇ ಗೊತ್ತಿರಲಿಲ್ಲ. ಹನ್ನೆರಡೂವರೆಗೆ ಮನೆಯ ಡಬ್ಬಿ ಬಿಚ್ಚಿ ಹನ್ನೆರಡು ಐವತ್ತಕ್ಕೆ ಮುಚ್ಚುತ್ತಿದ್ದವನಿಗೆ ಊರಿನ ಊಟವನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಬಂದಿರಲಿಲ್ಲ. ಅಪರೂಪಕ್ಕೆ ಹೊರಗೆ ತಿನ್ನಬೇಕಾದರೆ ಕಲ್ಯಾಣದಲ್ಲಿ ಭಾವನ ಹೋಟೆಲು ಇದ್ದೇ ಇತ್ತು.

ಭಾವನೆಂದರೆ ನನ್ನ ಹೆಂಡತಿ ಸುಮತಿಯ ಅಣ್ಣ. ಅವರಿಗೆ ನಾನೂ ಭಾವ, ನನಗೆ ಅವರೂ ಭಾವ. ಈ ಸಮಾನತೆ ಸಂಬೋಧನೆಯಲ್ಲಿ ಮಾತ್ರ. ಕಲ್ಯಾಣ ಸ್ಟೇಷನ್ನಿನ ಹತ್ತಿರ ನಲವತ್ತು ವರ್ಷ ಇಡ್ಲಿ, ವಡೆ, ದೋಸೆ ಮಾರಿದ ಅವರು ಆ ಕಡೆಯ ಹೋಟೆಲಿನವರಿಗೆಲ್ಲ 'ಅಣ್ಣ'. ಅವರ ಕೈಕೆಳಗೆ ಲೋಟ ತೊಳೆದವರು, ಆಮೇಲೆ ಟೇಬಲ್ಲು ಒರೆಸಿದವರು, ಕೊನೆಗೆ ಸ್ವಂತ ಗಲ್ಲಾದ ಮೇಲೆ ಕೂತವರು ಠಾಣೆಯಿಂದ ನೆರೂಳದವರೆಗೆ ಹಬ್ಬಿಕೊಂಡಿದ್ದಾರೆ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಮೊಣಕಾಲು ಮುಷ್ಕರ ಹೂಡಿದಾಗ ಭಾವ ಹೋಟೆಲನ್ನು ಪಾಲುದಾರನಿಗೆ ವಹಿಸಿ, ಶಾಶ್ವತವಾಗಿ ಉಡುಪಿಗೆ ಹೊರಡಲು ಸಿದ್ಧರಾಗಿ, ಕೊನೆಯ ನಾಲ್ಕು ದಿನ ಕಳೆಯಲು ನಮ್ಮ ಮನೆಗೆ ಬಂದರು. ಶುಕ್ರವಾರ ಮಧ್ಯಾಹ್ನ ಠಾಣೆಯಿಂದ ಗಾಡಿ.

ಬಂದವರು ಬಿಸಿನೀರಿನ ವಿಷಯ ಕೇಳಲಿಲ್ಲ, ರೈಲಿನ ವಿಷಯವನ್ನೂ ಕೇಳಲಿಲ್ಲ. ಮೊದಲನೆಯ ದಿನವೇ ಮೂರನೆಯ ದಿನದ ಪ್ರಶ್ನೆ ಕೇಳಿದರು.

"ಭಾವ, ನಲ್ವತ್ತು ವರ್ಷ ಆಯ್ತು. ಈ ಊರಿನ ಊಟ ನಾನು ಒಂದು ಸಲವೂ ಉಂಡದ್ದಿಲ್ಲ ಮಾರಾಯ್ರೆ."

ನಾನು ನಂಬಲಿಲ್ಲ. ಅವರು ವಿವರಿಸಿದ ಮೇಲೆ ನಂಬದಿರಲು ಕಾರಣ ಉಳಿಯಲಿಲ್ಲ. ಇದ್ದದ್ದು ಹೋಟೆಲಿನ ಮಾಳಿಗೆಯಲ್ಲಿ, ಉಂಡದ್ದು ಕೆಲಸದವರ ಜತೆ ಅಡುಗೆಮನೆಯಲ್ಲಿ, ಸಂಸಾರ ಊರಲ್ಲಿ. ಬೆಳಿಗ್ಗೆ ಚಹಾಕ್ಕೆ ಬರುವ ಮರಾಠಿ ಗುಮಾಸ್ತರು ಗಲ್ಲಾದ ಪಕ್ಕದ ಟೇಬಲ್ಲಿನಲ್ಲಿ ಕೂತು ಭಾನುವಾರ ಮನೆಯಲ್ಲಿ ಉಂಡದ್ದನ್ನು ವರ್ಣಿಸುವುದನ್ನು ಕೇಳಿ ಕೇಳಿಯೇ ಭಾವ ಹೊಟ್ಟೆ ತುಂಬಿಸಿಕೊಂಡಿದ್ದರು. ಅದರಲ್ಲೂ 'ವಾಲಾಚೆ ಬಿರ್ಡೆ' ಎಂಬ ಒಂದು ಪದಾರ್ಥ ಅವರ ಕಿವಿಯಲ್ಲಿ ಬೇರು ಬಿಟ್ಟಿತ್ತು. ಅವರೆಯ ಜಾತಿಯ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಂದೊಂದಾಗಿ ಸಿಪ್ಪೆ ಸುಲಿದು, ತೆಂಗಿನಕಾಯಿ, ಬೆಲ್ಲ, ಪುನರ್ಪುಳಿ ಹಾಕಿ ಮಾಡುವ ಪಲ್ಯ. ನಮ್ಮ ಘಟ್ಟದ ಮೇಲಿನವರ ಹಿತಕಿದ ಅವರೆಕಾಳಿಗೆ ದೂರದ ದಾಯಾದಿ.

"ಅಷ್ಟೇ ತಾನೆ? ಪಕ್ಕದ ಮನೆಯವರಲ್ಲಿ ಹೇಳಿ ಮಾಡಿಸ್ತೇನೆ," ಎಂದಳು ಸುಮತಿ.

"ಬೇಡ. ನೆಂಟನಾಗಿ ತಿಂದರೆ ಚೆನ್ನಾಗಿದೆ ಅಂತ ಹೇಳ್ಲೇ ಬೇಕಲ್ಲ. ನನಗೆ ಗಿರಾಕಿಯಾಗಿ ತಿನ್ನಬೇಕು. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತ ಹೇಳಬೇಕು. ಊರಿಗೆ ಹೋದ ಮೇಲೆ ಅಲ್ಲಿಯ ಊಟ ಹೇಗೆ ಅಂತ ಕೇಳ್ತಾರೆ. ಎಂತ ಹೇಳುದು? ನನ್ನದೇ ಇಡ್ಲಿಯ ವಿಷಯ ಹೇಳುದಾ?"

ಮಂಗಳವಾರ ಹನ್ನೆರಡು ಹೊಡೆಯುವುದಕ್ಕೆ ಹತ್ತು ನಿಮಿಷ ಇರುವಾಗ ನಾವು ಠಾಣೆಯ ಕೆರೆಯ ಬಳಿಯ ಒಂದು ಮರಾಠಿ ಊಟದ ಮನೆಯಲ್ಲಿ ಕೂತಿದ್ದೆವು. ಹೋಟೆಲಿನವರು ಇನ್ನೊಂದು ಹೋಟೆಲಿಗೆ ಹೋದರೆ ಊಟದ ಪಟ್ಟಿಯನ್ನು ನೋಡುವುದಿಲ್ಲವೆಂದು ನನಗೆ ಆವತ್ತು ತಿಳಿಯಿತು. ಭಾವ ಮೇಜಿನ ಅಡಿಭಾಗವನ್ನು ಬೆರಳಿನಿಂದ ಸವರಿ ಮೂಸಿದರು, ಲೋಟವನ್ನು ಬೆಳಕಿಗೆ ಹಿಡಿದರು, ಮೋರಿಯ ಇಳಿಜಾರು ಎತ್ತ ಇದೆಯೆಂದು ಬಗ್ಗಿ ನೋಡಿದರು. ಪಿಠಲೆ ಭಾಕ್ರಿ ಹೇಳಿದೆವು. ಅಂದರೆ ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ. ಅದು ಬರುವ ಮೊದಲು ಮ್ಯಾನೇಜರು ಬಂದ. ಬಂದವನು ಭಾವನ ಮುಖ ನೋಡಿ ಅಲ್ಲಿಯೇ ಬಗ್ಗಿ ಕಾಲು ಮುಟ್ಟಿದ.

"ಅಣ್ಣಾ! ನೀವಾ! ಎಂತ ಇದು, ಫೋನು ಮಾಡುದಲ್ವಾ? ಏ, ಆ ಟೇಬಲ್ಲಿನ ಆರ್ಡರ್ ಕ್ಯಾನ್ಸಲ್!"

ಇಪ್ಪತ್ತೈದು ವರ್ಷದ ಹಿಂದೆ ಭಾವನ ಹೋಟೆಲಿನಲ್ಲಿ ಟೇಬಲ್ಲು ನೋಡುತ್ತಿದ್ದವನಂತೆ. ಅರ್ಧ ಗಂಟೆಯಲ್ಲಿ ನಮ್ಮೆದುರು ತುಪ್ಪದ ದೋಸೆ ಬಂತು, ಜತೆಗೆ 'ಅಣ್ಣ ಕಲಿಸಿದ ಚಟ್ನಿ'. ಬಿಲ್ಲು ಕೇಳಿದ್ದಕ್ಕೆ ಆತ ಕಿವಿ ಮುಚ್ಚಿಕೊಂಡ. ಭಾವ ದೋಸೆಯನ್ನು ತಿಂದರು. ಬಹುಶಃ ಅದು ಅವರ ಜೀವಮಾನದ ಲಕ್ಷದ ಮೇಲಿನ ದೋಸೆ.

ಬುಧವಾರ ನೆರೂಳ. ಬೋರ್ಡು ಶುದ್ಧ ಮರಾಠಿಯಲ್ಲಿ ಇದ್ದುದನ್ನು ನಾನು ಹೊರಗಿನಿಂದಲೇ ಖಾತ್ರಿ ಮಾಡಿಕೊಂಡೆ. ಒಳಗೆ ಗಲ್ಲಾದ ಮೇಲೆ ಇದ್ದವರು ಕಾರ್ಕಳದವರು. ಅವರು ನಮ್ಮನ್ನು ಹವಾನಿಯಂತ್ರಿತ ಕೋಣೆಗೆ ದಬ್ಬಿ, ಎರಡು ಸೆಕ್ಟರು ಆಚೆಯ ತಮ್ಮ ಫ್ಲ್ಯಾಟಿನಿಂದ ನೀರುದೋಸೆ ತರಿಸಿದರು. ಪಕ್ಕದ ಟೇಬಲ್ಲಿನಲ್ಲಿ ಒಂದು ಸಂಸಾರ ಬದನೆಕಾಯಿ ಪಲ್ಯಕ್ಕೆ ಭಾಕ್ರಿ ಮುರಿಯುತ್ತಿತ್ತು. ಭಾವ ಆ ಕಡೆಗೆ ಬೆರಳು ಮಾಡಿ, ಅದೇ ಆಗಬಹುದಿತ್ತು ಎಂದರು. ಮಾಲಿಕರು ಗಾಬರಿಯಾದರು.

"ಛೆ ಛೆ, ಅದು ಗಿರಾಕಿಗಳಿಗೆ ಅಣ್ಣ! ನಿಮಗೆ ಅದನ್ನೆಲ್ಲ ಕೊಡ್ಲಿಕ್ಕಾಗ್ತದಾ?"

ವಾಪಸು ಬರುವಾಗ ಠಾಣೆಯ ಲೋಕಲ್ಲಿನಲ್ಲಿ ಭಾವ ಒಂದೇ ಮಾತು ಆಡಿದರು. "ಭಾವ, ನನಗೆ ಈ ಊರಲ್ಲಿ ಗಿರಾಕಿ ಆಗುವ ಯೋಗ್ಯತೆ ಇಲ್ಲ." ಅದನ್ನು ನಗುತ್ತಲೇ ಹೇಳಿದರು, ಆದರೆ ಐರೋಲಿ ದಾಟುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಐರೋಲಿಯನ್ನು ನೋಡಿಯೇ ನನಗೆ ಗುರುವಾರದ ಉಪಾಯ ಹೊಳೆಯಿತು. ಅಲ್ಲಿಯ ಕಂಪ್ಯೂಟರ್ ಆಫೀಸುಗಳ ಎದುರು ಹೊಸ ಹೊಸ ಊಟದ ಮನೆಗಳಿವೆ, ಹಳಬರ ಕಾಟವಿಲ್ಲ. ಮುಂಜಾಗ್ರತೆಗಾಗಿ ಭಾವನಿಗೆ ನನ್ನ ಕಾರ್ಖಾನೆಯ ಟೊಪ್ಪಿ ಹಾಕಿಸಿದೆ. ತುಳು, ಕನ್ನಡ ಎರಡನ್ನೂ ನಿಷೇಧಿಸಿ, ಹಿಂದಿ ಮಾತ್ರ ಎಂದು ನಿಯಮ ಮಾಡಿದೆ. ಎಲ್ಲ ಸುಸೂತ್ರವಾಗಿ ನಡೆಯಿತು. ಪುಣೆಯ ಇಬ್ಬರು ಮುದುಕರೆಂದು ಯಾರೂ ನಂಬುವಂತೆ ಕೂತೆವು. ಆರ್ಡರೂ ಹೋಯಿತು. ಆಗ ಸಪ್ಲಾಯರು ಒಂದೇ ಕೈಯಲ್ಲಿ ನಾಲ್ಕು ಲೋಟ ನೀರು ತಂದ, ನಾಲ್ಕರಲ್ಲೂ ಒಂದೊಂದು ಬೆರಳು ಮುಳುಗಿಸಿಕೊಂಡು.

"ಬೆರಳು ಹೊರಗೆ!"

ಇಡೀ ಹೋಟೆಲು ತಿರುಗಿ ನೋಡಿತು. ಭಾವನ ನಲವತ್ತು ವರ್ಷದ ಗರ್ಜನೆ ಅದು. ಟೊಪ್ಪಿಗೆ ತಡೆಯಲು ಸಾಧ್ಯವಿರಲಿಲ್ಲ. ದಪ್ಪ ಮೀಸೆಯ ಸಪ್ಲಾಯರು ರಾಯಚೂರಿನವನು. "ತಪ್ಪಾತ್ರಿ ಯಜಮಾನ್ರ, ಇನ್ನೊಮ್ಮೆ ಮಾಡಂಗಿಲ್ರಿ," ಎಂದು ಲೋಟ ಕೆಳಗಿಟ್ಟು ಕೈ ಕಟ್ಟಿ ನಿಂತ. ಅಷ್ಟರಲ್ಲಿ ಅಡುಗೆಮನೆಯ ಪರದೆ ಸರಿಯಿತು. ಹೊರಬಂದ ಮಾಲಿಕನಿಗೆ ಮುಖ ನೋಡುವ ಅಗತ್ಯವೇ ಬೀಳಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಆತನ ಬೆರಳನ್ನು ಲೋಟದಿಂದ ಹೊರಗೆ ತೆಗೆಸಿದ ಸ್ವರವೂ ಇದೇ ಆಗಿತ್ತು. "ಕಲ್ಯಾಣದ ಅಣ್ಣ!" ಎಂದು ಓಡಿ ಬಂದ. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಇಡ್ಲಿ ಮಾತ್ರ ಮೃದುವಾಗಿತ್ತೆಂದು ನ್ಯಾಯಕ್ಕಾಗಿ ಹೇಳಬೇಕು.

ಶುಕ್ರವಾರದ ವೇಳಾಪಟ್ಟಿಯನ್ನು ನಾನು ಹಿಂದಿನ ದಿನವೇ ಬರೆದಿದ್ದೆ. ಹನ್ನೆರಡೂವರೆಗೆ ಊಟ, ಒಂದೂಕಾಲಿಗೆ ರಿಕ್ಷಾ, ಒಂದು ನಲವತ್ತರ ಲೋಕಲ್ಲು. ಅದರಲ್ಲಿ 'ಊರಿನ ಊಟ' ಎಂಬುದಕ್ಕೆ ಸ್ಥಳ ಇರಲಿಲ್ಲ. ಭಾವನೂ ಕೇಳಲಿಲ್ಲ. ಹನ್ನೊಂದೂವರೆಗೆ ಸುಮತಿ, "ರೈಲಿಗೆ ಪೋಳಿ ಕಟ್ಟಿಕೊಡಬೇಕು, ನನಗೆ ಕೈ ಬಿಡುವಿಲ್ಲ. ಕೆಳಗೆ ಮೂಲೆಯ ಪೋಳಿ ಭಾಜಿ ಕೇಂದ್ರದಿಂದ ಹತ್ತು ತನ್ನಿ," ಎಂದು ನಮ್ಮಿಬ್ಬರನ್ನೂ ಹೊರಗೆ ಹಾಕಿದಳು.

ಪೋಳಿಯೆಂದರೆ ಚಪಾತಿ, ಭಾಜಿಯೆಂದರೆ ಪಲ್ಯ. ಡೊಂಬಿವಿಲಿಯಲ್ಲಿ ಇಂಥ ಕೇಂದ್ರಗಳು ಹೆಜ್ಜೆಗೊಂದು ಇವೆ. ಗಂಡಹೆಂಡಿರಿಬ್ಬರೂ ಲೋಕಲ್ಲಿನಲ್ಲಿ ಜೋತು ಹೋಗಿ ಬರುವ ಊರಿನಲ್ಲಿ ಚಪಾತಿ ಲಟ್ಟಿಸಲು ಯಾರಿಗೆ ಪುರುಸೊತ್ತು? ನಾಲ್ಕಾರು ಹೆಂಗಸರು ಒಂದು ಸಣ್ಣ ಅಂಗಡಿಕೋಣೆಯಲ್ಲಿ ಒಲೆ ಹಚ್ಚಿ ಪೋಳಿ ಬೇಯಿಸುತ್ತಾರೆ, ದಿನಕ್ಕೆರಡು ಪಲ್ಯ ಮಾಡುತ್ತಾರೆ, ಕಿಟಕಿಯಿಂದ ಪೊಟ್ಟಣ ಕೊಡುತ್ತಾರೆ. ಕುರ್ಚಿಯಿಲ್ಲ, ಮೇಜಿಲ್ಲ. ಆದ್ದರಿಂದಲೇ ನನ್ನ ನೋಟುಪುಸ್ತಕದ ದೃಷ್ಟಿಯಲ್ಲಿ ಅದು ಊಟದ ಸ್ಥಳವೇ ಆಗಿರಲಿಲ್ಲ. ಇಪ್ಪತ್ತು ವರ್ಷ ಅದರ ಎದುರಿನಿಂದಲೇ ನಡೆದು ಸ್ಟೇಷನ್ನಿಗೆ ಹೋಗಿದ್ದೆ. ಕಿಟಕಿಯ ಪಕ್ಕದ ಕರಿಹಲಗೆಯಲ್ಲಿ ಆ ದಿನದ ಪಲ್ಯಗಳನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಭಾವ ಅದನ್ನು ಅಕ್ಷರ ಕೂಡಿಸಿ ಓದಿ, ನನ್ನ ಭುಜ ಹಿಡಿದುಕೊಂಡರು. ಬಟಾಟೆ, ಅದರ ಕೆಳಗೆ, ವಾಲಾಚೆ ಬಿರ್ಡೆ.

ಹೋಟೆಲಿನವರು ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲಿಗೇ ಹೋಗುತ್ತಾರೆ. ಭಾವನೂ ಕಿಟಕಿಯ ಮುಂದಿನ ಸಾಲನ್ನು ಬಿಟ್ಟು ನೇರ ಅತ್ತ ನಡೆದರು. ಒಳಗೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ, ಎಲ್ಲರೂ 'ಕಾಕು', ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸು ತಲೆ ಎತ್ತದೆ ಗದರಿಸಿದಳು.

"ಓ ಕಾಕಾ, ಲೈನ್ ದಿಸತ್ ನಾಹೀ ಕಾ? ಮಾಗೆ ಜಾ!"

ಸಾಲು ಕಾಣುವುದಿಲ್ಲವೇ, ಹಿಂದೆ ಹೋಗಿ ನಿಲ್ಲಿ. ನಾನು ಸಂಕೋಚದಿಂದ ಕುಗ್ಗಿದೆ. ಭಾವ ಮಾತ್ರ ಪದಕ ಸಿಕ್ಕಿದವರ ಹಾಗೆ ಹಲ್ಲು ಬಿಡುತ್ತಾ ಬಂದು ಸಾಲಿನ ಬಾಲದಲ್ಲಿ ನಿಂತರು. "ಕೇಳಿದಿರಾ ಭಾವ? ಹಿಂದೆ ಹೋಗು ಅಂದಳು!"

ನಮ್ಮ ಮುಂದೆ ಒಂಬತ್ತು ಜನ. ಹನ್ನೆರಡಾಯಿತು, ಹನ್ನೆರಡೂಕಾಲಾಯಿತು. ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿದಾಗ ಭಾವನ ಮುಖ ಬಾಡಿತು. ಆ ಸದ್ದಿನ ಅರ್ಥ ಅವರಿಗಿಂತ ಚೆನ್ನಾಗಿ ಬಲ್ಲವರು ಆ ಸಾಲಿನಲ್ಲಿ ಇರಲಿಲ್ಲ. ಸರಿಯಾಗಿ ನಮ್ಮ ಸರದಿಗೆ ಕಾಕು, "ಬಿರ್ಡಂ ಸಂಪಲಂ," ಎಂದಳು. ಮುಗಿಯಿತು.

"ಮುಗಿಯಿತು ಅಂತ ನಾನು ಎಷ್ಟು ಸಾವಿರ ಜನಕ್ಕೆ ಹೇಳಿದ್ದೇನೆ," ಎಂದರು ಭಾವ ಮೆಲ್ಲಗೆ. "ಕೇಳುವವರಿಗೆ ಹೀಗಾಗ್ತದೆ ಅಂತ ಗೊತ್ತಿರ್ಲಿಲ್ಲ."

ಕಾಕು ಒಂದು ಸಲ ಒಲೆಯ ಕಡೆ ನೋಡಿ, ಎರಡನೆಯ ಪಾತ್ರೆ ಇಳಿಯುತ್ತಿದೆ, ಹದಿನೈದು ನಿಮಿಷ ನಿಲ್ಲುವುದಾದರೆ ನಿಲ್ಲಿ ಎಂದಳು. ನಾನು ಗಡಿಯಾರ ನೋಡಿದೆ. ಹನ್ನೆರಡೂವರೆ. ನನ್ನ ಊಟದ ವೇಳೆ ನಡುರಸ್ತೆಯಲ್ಲಿ, ನನ್ನ ಕಣ್ಣೆದುರಿಗೇ ಹಾದುಹೋಗುತ್ತಿತ್ತು. ಗಾಡಿಯ ಲೆಕ್ಕ ಹೇಳಲು ಬಾಯಿ ತೆರೆದೆ. ಭಾವ ನನ್ನ ಕೈಗಡಿಯಾರದ ಮೇಲೆ ತಮ್ಮ ಅಂಗೈ ಮುಚ್ಚಿದರು. ಮೂವತ್ತನಾಲ್ಕು ವರ್ಷ ಅನ್ಯರ ತಡವನ್ನು ಕ್ಷಮಿಸದವನು ಆವತ್ತು ನನ್ನ ತಡವನ್ನು ನಾನೇ ಮನ್ನಿಸಿಕೊಂಡು ನಿಂತೆ.

ಮುಚ್ಚಿದ್ದ ಪಕ್ಕದ ಅಂಗಡಿಯ ಮೆಟ್ಟಿಲಿನ ಮೇಲೆ ಕಾಗದ ಹಾಸಿ ಇಬ್ಬರೂ ಉಂಡೆವು. ಕಾಳು ಬೆಣ್ಣೆಯಂತೆ ಬೆಂದಿತ್ತು, ಒಂದೂ ಒಡೆದಿರಲಿಲ್ಲ. ಮೊದಲು ಬೆಲ್ಲದ ಸಿಹಿ, ಹಿಂದಿನಿಂದ ಹುಳಿ, ಕೊನೆಗೆ ಅವರೆಯ ಸಣ್ಣ ಕಹಿ. ಭಾವ ಮೂರು ಪೋಳಿ ಮುಗಿಸಿದರು. ಆಮೇಲೆ ಕೈ ಒರೆಸಿಕೊಂಡು ಎದ್ದು, ಕಿಟಕಿಯ ಬಳಿ ಹೋಗಿ, ತಮ್ಮ ಹೋಟೆಲು ಮರಾಠಿಯಲ್ಲಿ ಗಂಭೀರವಾಗಿ ಹೇಳಿದರು: ಬಿರ್ಡೆಗೆ ಉಪ್ಪು ಒಂದು ಚೂರು ಜಾಸ್ತಿಯಾಗಿದೆ.

ಅಪ್ಪಟ ಗಿರಾಕಿಯ ಮಾತು. ಕಾಕು ಆಗಲೂ ತಲೆ ಎತ್ತಲಿಲ್ಲ. ಪೋಳಿ ಮಗುಚುತ್ತಲೇ, "ಉದ್ಯಾ ಯಾ ಕಾಕಾ, ಕಮಿ ಟಾಕತೇ," ಎಂದಳು. ನಾಳೆ ಬನ್ನಿ, ಕಡಿಮೆ ಹಾಕುತ್ತೇನೆ.

ಭಾವ ಒಂದು ಗಳಿಗೆ ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು ನಿಂತರು. "ಹೋ, ಯೇತೋ," ಎಂದರು. ಬರುತ್ತೇನೆ.

ಗಾಡಿ ತಪ್ಪಲಿಲ್ಲ, ಠಾಣೆಗೆ ಅದೂ ಇಪ್ಪತ್ತು ನಿಮಿಷ ತಡವಾಗಿ ಬಂತು. ಜೀವನದಲ್ಲಿ ಮೊದಲ ಸಲ ರೈಲ್ವೆಯವರ ಮೇಲೆ ನನಗೆ ಅಭಿಮಾನ ಮೂಡಿತು. ಮರುದಿನ ಮಧ್ಯಾಹ್ನ ಉಡುಪಿಯಿಂದ ಫೋನು. ಊರು ಮುಟ್ಟಿದ ಸುದ್ದಿ ಹೇಳುವ ಮೊದಲೇ ಕೇಳಿದರು: "ಭಾವ, ಹೋಗಿದ್ದಿರಾ? ಉಪ್ಪು ಕಮ್ಮಿ ಮಾಡಿದಳಾ?"

ಹೋಗಿದ್ದೆ. ಬರುತ್ತೇನೆಂದು ಹೇಳಿ ಬಂದ ಮೇಲೆ ನಮ್ಮ ಪೈಕಿ ಯಾರಾದರೂ ಹೋಗಬೇಕಲ್ಲ. ಆ ದಿನ ಬಿರ್ಡೆ ಇರಲಿಲ್ಲ, ಹೀರೆಕಾಯಿ ಇತ್ತು. ಉಪ್ಪು ಸರಿಯಾಗಿತ್ತು.

ಈಗ ನೆಂಟರು ಮೂರನೆಯ ದಿನದ ಪ್ರಶ್ನೆ ಕೇಳಿದಾಗ ನಾನು ತಡವರಿಸದೆ ನೋಟುಪುಸ್ತಕ ಮುಂದಿಡುತ್ತೇನೆ. ಸ್ಥಳ: ಮೂಲೆಯ ಪೋಳಿ ಭಾಜಿ ಕೇಂದ್ರ. ಹೋಗುವ ದಾರಿ: ಸಾಲಿನ ಹಿಂದಿನಿಂದ. ಮೂರನೆಯ ಕಲಮನ್ನು ಓದಿ ಅವರು ನನ್ನ ಮುಖವನ್ನೂ ಗೋಡೆಯ ಗಡಿಯಾರವನ್ನೂ ಒಮ್ಮೆ ನೋಡುತ್ತಾರೆ. ಸಮಯ: ನಿಮ್ಮ ಸರದಿ ಬಂದಾಗ. ಬಿಸಿನೀರು ಮಾತ್ರ ಈಗಲೂ ಆರು ಇಪ್ಪತ್ತರವರೆಗೇ.