ಮೇಘಿಯನ್ನು ಫೇಲ್ ಮಾಡಲು ಹೋದದ್ದು

ಮೊನ್ನೆ ಭಾನುವಾರ ಮಧ್ಯಾಹ್ನ ಪದ್ಮನಾಭನಗರದ ಆ ಕಟ್ಟಡದ ಮೆಟ್ಟಿಲು ಹತ್ತುವಾಗ, ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ಬೇಯುವ ವಾಸನೆ ಬಂತು. ಭವಿಷ್ಯಕ್ಕೆ ವಾಸನೆಯುಂಟೇ ಎಂದು ಯಾರಾದರೂ ಕೇಳಿದರೆ, ಉಂಟು ಸ್ವಾಮಿ, ಡಾಲ್ಡಾ ಮತ್ತು ಟೂಟಿ ಫ್ರೂಟಿಯದು ಎಂದು ಹೇಳಬಲ್ಲೆ. ಏಕೆಂದರೆ ಬೇಕರಿಯ ಮೇಲಿನ ಮಹಡಿಯಲ್ಲೇ ನಮ್ಮ ಬಡಾವಣೆಯ ಮಕ್ಕಳ ಭವಿಷ್ಯ ತಯಾರಾಗುವುದು. ಆ ಸಂಸ್ಥೆಯ ಹೆಸರಿನಲ್ಲಿ ‘ಫ್ಯೂಚರ್’ ಎಂದು ಒಂದು ಪದ, ‘ಲೀಡರ್’ ಎಂದು ಇನ್ನೊಂದು ಪದ ಇದೆ. ನಡುವೆ ಏನಿದೆಯೋ ನನಗೆ ಇವತ್ತಿಗೂ ನೆನಪಿರುವುದಿಲ್ಲ.

ನನ್ನನ್ನು ಮೊದಲು ಅಲ್ಲಿಗೆ ಅಟ್ಟಿದವಳು ನನ್ನ ಅಕ್ಕ. ಅವಳ ಮಗಳು ಮೇಘನಾಗೆ, ಅಂದರೆ ನಮ್ಮ ಮೇಘಿಗೆ, ಆಗ ಹದಿಮೂರು ವರ್ಷ. ಇಷ್ಟು ವಯಸ್ಸಾದರೂ ಮಗುವಿಗೆ ಕರಿಯರ್ ಬಗ್ಗೆ ಸ್ಪಷ್ಟತೆ ಇಲ್ಲವೆಂದು ಅಕ್ಕನಿಗೆ ನಿದ್ದೆ ಬರುತ್ತಿರಲಿಲ್ಲ. ಪ್ರತಿ ಶನಿವಾರ ಕ್ಲಾಸಿಗೆ ಬಿಟ್ಟು, ಕಾದು, ಕರೆತರುವ ಹೊಣೆ ನನ್ನ ಮೇಲೆ ಬಿತ್ತು. ಮದುವೆಯಾಗದ ತಮ್ಮ ಎಂದರೆ ಮನೆಯವರ ಪಾಲಿಗೆ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತ ಆಟೋ ಇದ್ದ ಹಾಗೆ.

“ಇಷ್ಟು ಬೇಗ ಯಾಕಕ್ಕ?” ಎಂದು ಕೇಳಿದ್ದೆ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನೋ? ನಿನ್ನನ್ನೇ ನೋಡು,” ಎಂದಳು.

ನೋಡಿಕೊಂಡೆ. ತಪ್ಪೇನಿಲ್ಲ. ನನ್ನ ಕಾಲದಲ್ಲಿ ವೃತ್ತಿ ಮಾರ್ಗದರ್ಶನವೆಲ್ಲ ಒಂದು ಲೋಟ ಕಾಫಿಯಲ್ಲಿ ಮುಗಿದುಹೋಗಿತ್ತು. ಅಪ್ಪನ ಸ್ನೇಹಿತರೊಬ್ಬರು ಜಯನಗರದ ನಮ್ಮ ಬಾಡಿಗೆ ಮನೆಗೆ ಬಂದಿದ್ದವರು, ನನ್ನ ಮಾರ್ಕ್ಸ್ ಕೇಳಿ, ಒಂದು ಗುಟುಕು ಕುಡಿದು, “ಕಾಮರ್ಸ್ ಹಾಕ್ಬಿಡಿ” ಎಂದರು. ಇನ್ನೊಂದು ಗುಟುಕು ಕುಡಿಯುವ ಹೊತ್ತಿಗೆ ಮಾತು ತೊಗರಿಬೇಳೆಯ ರೇಟಿಗೆ ಹೋಗಿತ್ತು. ಆಮೇಲೆ ನಾನು ಬ್ಯಾಂಕಿನ ಸಂದರ್ಶನಗಳಲ್ಲಿ ಒಂದೊಂದಾಗಿ ಫೇಲಾಗಿ, ಕೊನೆಗೆ ಇನ್ಶೂರೆನ್ಸ್ ಆಫೀಸಿನ ಕುರ್ಚಿಯೊಂದರಲ್ಲಿ ಕೂತೆ. ಇನ್ನೂ ಅಲ್ಲೇ ಕೂತಿದ್ದೇನೆ. ಕುರ್ಚಿ ಮಾತ್ರ ಬದಲಾಗಿದೆ.

ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಕೈಕುಲುಕುವುದು ಹೇಗೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಹೇಗೆ, ತಮ್ಮ ದೌರ್ಬಲ್ಯವನ್ನೇ ಶಕ್ತಿಯೆಂದು ಮಾರುವುದು ಹೇಗೆ ಎಂದು ಕಲಿಸುತ್ತಿದ್ದರು. “ನಿನ್ನ ವೀಕ್‌ನೆಸ್ ಏನು?” ಎಂದು ಕೇಳಿದರೆ ಇಡೀ ಬ್ಯಾಚು ಒಂದೇ ದನಿಯಲ್ಲಿ, ತಾವು ಅತಿಯಾಗಿ ಕೆಲಸ ಮಾಡುತ್ತೇವೆ ಎನ್ನುತ್ತಿತ್ತು. ಈ ಮಕ್ಕಳಲ್ಲಿ ತಿಂದ ತಟ್ಟೆಯನ್ನು ಸಿಂಕಿಗೆ ಹಾಕುವ ಒಂದನ್ನಾದರೂ ತೋರಿಸಿದರೆ ನಿಮಗೆ ಖಾರಾ ಬನ್ ಕೊಡಿಸುತ್ತೇನೆ.

ಮೇಘಿಗೆ ಶನಿವಾರದ ಬಗ್ಗೆ ತಕರಾರಿರಲಿಲ್ಲ. ಅವಳ ಜೀವ ಇದ್ದದ್ದು ಭಾನುವಾರದ ಸಂಜೆಯಲ್ಲಿ. ಜಯನಗರದ ಮೈದಾನವೊಂದರಲ್ಲಿ ಹುಡುಗಿಯರ ಖೋ ಖೋ ಪ್ರಾಕ್ಟೀಸ್ ನಡೆಯುತ್ತಿತ್ತು. ರಾಜ್ಯಕ್ಕೆ ಆಡುವಂಥ ಆಟಗಾರ್ತಿ ಅವಳಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಂಜೆಗಳಲ್ಲಿ ಅವಳ ಮುಖ ನೋಡಬೇಕಿತ್ತು ನೀವು. ಹೀಗಿರುವಾಗ ಕೋರ್ಸಿನ ಕೊನೆಗೊಂದು ಅಣಕು ಸಂದರ್ಶನ ಬಂತು. ಅದರಲ್ಲಿ ಆಯ್ಕೆಯಾದವರಿಗೆ ಅಡ್ವಾನ್ಸ್ಡ್ ಬ್ಯಾಚು, ಶನಿವಾರದ ಜೊತೆಗೆ ಭಾನುವಾರವೂ, ಸಂಜೆಯವರೆಗೆ. ಗೆದ್ದರೆ ಖೋ ಖೋ ಹೋಯಿತು.

ಆ ದಿನ ಬ್ಲೇಜರ್ ಹಾಕಿದ ಮುಖ್ಯಸ್ಥರು ಬೇಕರಿಗೇ ಇಳಿದು ಬಂದು, ಅಲ್ಲಿ ಕಾಯುತ್ತಿದ್ದ ನನ್ನನ್ನು ಹಿಡಿದರು. “ಸಾರ್, ಮೂರು ಚೇರ್ ಹಾಕಿದೀವಿ. ಮೂರನೆಯವರು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿದಾರೆ. ನೀವೇ ಪ್ಯಾನಲ್‌ಗೆ ಬಂದ್ಬಿಡಿ.”

“ನನ್ನ ಅಕ್ಕನ ಮಗಳೇ ಇದಾಳಲ್ಲ ಸಾರ್?”

“ಪರವಾಗಿಲ್ಲ ಸಾರ್, ಚೇರ್ ಖಾಲಿ ಕಾಣ್ಬಾರ್ದು.”

ಜೀವನವಿಡೀ ಮೇಜಿನ ಆಚೆ ಬದಿಯಲ್ಲಿ ಬೆವರಿದವನಿಗೆ ಈಚೆ ಬದಿಯ ಕುರ್ಚಿ ಸಿಕ್ಕಿತಲ್ಲ, ಎದೆಯುಬ್ಬಿಸಿ ಮೆಟ್ಟಿಲು ಹತ್ತಿದೆ. ಅರ್ಧದಲ್ಲಿ ಮೇಘಿ ನಿಂತಿದ್ದಳು. ನನ್ನ ಶರ್ಟಿನ ತೋಳು ಹಿಡಿದು, “ಮಾಮ, ನನ್ನ ಫೇಲ್ ಮಾಡು ಪ್ಲೀಸ್,” ಎಂದಳು. ಅಷ್ಟೇನಾ, ಫೇಲಾಗುವ ವಿದ್ಯೆಯಲ್ಲಿ ನಾನು ಪಂಡಿತ ಎಂದುಕೊಂಡು ಒಪ್ಪಿದೆ.

ಬಿಳೇಕಹಳ್ಳಿಯಿಂದ ಬಂದಿದ್ದ ಎಚ್.ಆರ್. ಮೇಡಂ ಅವಳ ವೀಕ್‌ನೆಸ್ ಕೇಳಿದರು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ಮೇಘಿ ತಟ್ಟನೆ ಕನ್ನಡಕ್ಕೆ ಬಂದಳು.

“ನಂಗೆ ಇಲ್ಲಿಗೆ ಬರೋಕೇ ಇಷ್ಟ ಇಲ್ಲ ಮೇಡಂ. ಖೋ ಖೋ ಆಡೋಕೆ ಇಷ್ಟ. ಮಣ್ಣಲ್ಲಿ ಓಡಿ ಓಡಿ ಕಾಲು ಉರಿಯುತ್ತಲ್ಲ, ಅದು ಇಷ್ಟ. ದೊಡ್ಡವಳಾದ್ಮೇಲೆ ಏನಾಗ್ತೀನಿ ಅಂತ ನಂಗೆ ಗೊತ್ತಿಲ್ಲ.”

ಭೇಷ್, ಕೆಲಸ ಮುಗಿಯಿತು ಎಂದುಕೊಂಡು ನಾನು ಸೊನ್ನೆ ಬರೆದೆ. ತಲೆಯೆತ್ತಿದರೆ ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. “ಎಷ್ಟು ಆಥೆಂಟಿಕ್ ಮಗು,” ಎಂದು ಪೂರ್ತಿ ಅಂಕ ಕೊಟ್ಟರು. ಬ್ಲೇಜರಿನವರು ನನ್ನ ಸೊನ್ನೆ ನೋಡಿ, ಸ್ವಂತ ಸಂಬಂಧಿಗೂ ಇಷ್ಟು ಸ್ಟ್ರಿಕ್ಟಾ ಸಾರ್, ಇಂಟೆಗ್ರಿಟಿ ಅಂದರೆ ಇದು ಎಂದು ನನ್ನ ಕೈ ಕುಲುಕಿದರು. ಮೇಘಿ ಮೊದಲನೆಯವಳಾಗಿ ಆಯ್ಕೆಯಾದಳು. ಅಕ್ಕ ಅಪಾರ್ಟ್‌ಮೆಂಟಿನ ತುಂಬ ಮೈಸೂರುಪಾಕು ಹಂಚಿದಳು.

ಅವತ್ತು ವಾಪಸು ಬರುವಾಗ ಬನಶಂಕರಿಯ ಹತ್ತಿರ ಮೇಘಿ ಸ್ಕೂಟರಿನ ಹಿಂದಿನಿಂದ ನನ್ನ ಭುಜ ತಟ್ಟಿದಳು. “ನಿಜ ಹೇಳಿದ್ರೂ ಸೆಲೆಕ್ಟ್ ಮಾಡ್ತಾರಲ್ಲ ಮಾಮ. ಇನ್ನೇನು ಹೇಳ್ಬೇಕಿತ್ತು ನಾನು?” ಎಂದಳು.

ಹೀಗೆ ಎರಡು ವರ್ಷದ ಭಾನುವಾರಗಳು ಆ ಮಹಡಿಗೆ ಸಂದವು. ಮೇಘಿ ಸೊಗಸಾಗಿ ಮಾತಾಡಲು ಕಲಿತಳು. “ಊಟ ಆಯ್ತೇನೇ?” ಎಂದರೆ, “ಒಳ್ಳೆ ಪ್ರಶ್ನೆ ಮಾಮ,” ಎಂದು ಶುರುಮಾಡುವಷ್ಟು. ಮನೆಯಲ್ಲಿ ಜಗಳವಾಡುವುದನ್ನು ಬಿಟ್ಟಳು, ಕಿರುಚುವುದನ್ನು ಬಿಟ್ಟಳು. ಮಗಳು ಎಷ್ಟು ಮೆಚ್ಯೂರ್ ಆದಳು ನೋಡು ಎಂದು ಅಕ್ಕ ಹಿಗ್ಗುತ್ತಿದ್ದಳು. ನನಗೆ ಮಾತ್ರ ಆ ಮೆಚ್ಯೂರ್ ಹುಡುಗಿಯನ್ನು ಕಂಡರೆ ಸಂಕಟವಾಗುತ್ತಿತ್ತು.

ನನ್ನ ಇಂಟೆಗ್ರಿಟಿಯ ಖ್ಯಾತಿ ಹಬ್ಬಿ ನಾನು ಆ ಸಂಸ್ಥೆಯ ಕಾಯಂ ಪ್ಯಾನಲಿಸ್ಟ್ ಆಗಿಬಿಟ್ಟೆ. ಮೊನ್ನೆ ಮೆಟ್ಟಿಲು ಹತ್ತಿದ್ದೂ ಅದಕ್ಕೇ. ಎರಡು ಜಡೆಯ ಹುಡುಗಿಯೊಬ್ಬಳು ಬಂದು ಕೂತಳು. ವೀಕ್‌ನೆಸ್ ಕೇಳಿದೆ. ಅವಳು ಒಂದು ಕ್ಷಣ ತಲೆ ತಗ್ಗಿಸಿ, ಕಣ್ಣೆತ್ತಿ, ಕನ್ನಡದಲ್ಲಿ ಹೇಳಿದಳು: “ನಂಗೆ ಇಲ್ಲಿಗೆ ಬರೋಕೇ ಇಷ್ಟ ಇಲ್ಲ ಸಾರ್. ಖೋ ಖೋ ಆಡೋಕೆ ಇಷ್ಟ. ಮಣ್ಣಲ್ಲಿ ಓಡಿ ಓಡಿ ಕಾಲು ಉರಿಯುತ್ತಲ್ಲ, ಅದು ಇಷ್ಟ.”

“ಖೋ ಖೋದಲ್ಲಿ ಎಷ್ಟು ಜನ ಸಾಲಾಗಿ ಕೂರ್ತಾರೆ ಪುಟ್ಟಿ?” ಎಂದೆ.

ಅವಳು ಬ್ಲೇಜರಿನವರ ಕಡೆ ನೋಡಿದಳು. “ಅದು ನೋಟ್ಸ್‌ನಲ್ಲಿ ಇರ್ಲಿಲ್ಲ ಸಾರ್.”

ಬ್ಲೇಜರಿನವರು ನನ್ನ ಕಿವಿಯ ಹತ್ತಿರ ಬಾಗಿದರು. “ನಿಮ್ಮ ಮೇಘನಾ ಹೇಳಿದ್ದೇ ಸಾರ್. ಆಥೆಂಟಿಸಿಟಿ ಅಂತ ಒಂದು ಚಾಪ್ಟರೇ ಮಾಡಿದೀವಿ. ಕನ್ನಡದಲ್ಲೇ ಇಟ್ಟಿದೀವಿ, ಹಾರ್ಟಿಂದ ಬಂದ ಹಾಗಿರುತ್ತೆ.”

ನನ್ನ ಮೈ ಉರಿದುಹೋಯಿತು. ಎದ್ದು ಪಕ್ಕದ ಕೋಣೆಗೆ ಹೋಗಿ, ಅಡ್ವಾನ್ಸ್ಡ್ ಬ್ಯಾಚಿನಲ್ಲಿ ಕೂತಿದ್ದ ಮೇಘಿಯನ್ನು ಹೊರಗೆ ಕರೆದು ನಡೆದದ್ದನ್ನು ಹೇಳಿದೆ. ಒಳ್ಳೆ ಪ್ರಶ್ನೆ, ಒಳ್ಳೆ ವಿಷಯ ಎಂದೆಲ್ಲ ಅವಳು ಶುರುಮಾಡಲಿಲ್ಲ.

“ಕಾಲು ಉರಿಯುತ್ತೆ ಅಂತಾನೂ ಹೇಳಿದ್ಲಾ?”

“ಹೂಂ. ನಿನಗಿಂತ ಚೆನ್ನಾಗಿ ಹೇಳಿದ್ಲು.”

“ಅದು ನಂದು ಮಾಮ,” ಎಂದಳು. ಕೊರಳಿನ ಐಡಿ ಕಾರ್ಡ್ ತೆಗೆದು ಕಿಟಕಿಗೆ ನೇತುಹಾಕಿ, ನನಗಿಂತ ಮುಂಚೆ ಮೆಟ್ಟಿಲಿಳಿದಳು. ನಾನು ಸ್ಕೂಟರ್ ಜಯನಗರದ ಕಡೆ ತಿರುಗಿಸಿದೆ.

ಮೈದಾನದಲ್ಲಿ ಕೋಚ್ ಅವಳನ್ನು ಒಂದು ಸಲ ನೋಡಿ, “ಎರಡು ವರ್ಷ ಆಯ್ತಲ್ಲೇ. ಹೋಗಿ ಸಾಲಲ್ಲಿ ಕೂತ್ಕೋ,” ಎಂದರು. ಮೇಘಿ ಚಪ್ಪಲಿ ಬಿಟ್ಟು ಓಡಿದಳು. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಸಂಸ್ಥೆಯವರು ಆಗಲೇ ತಿಳಿಸಿದ್ದರು.

“ಎಲ್ಲಿದೀರ ಇಬ್ರೂ?”

“ಗ್ರೌಂಡಲ್ಲಿ.”

“ಯಾರನ್ನ ಕೇಳಿ ಕರ್ಕೊಂಡು ಹೋದೆ? ನಾಳೆ ಅವಳ ಫ್ಯೂಚರ್‌ಗೆ ನೀನು ಜವಾಬ್ದಾರಿನಾ?”

“ಫ್ಯೂಚರ್ ನಂಗೊತ್ತಿಲ್ಲಕ್ಕ. ಇವತ್ತಿನ ಸಂಜೆಗೆ ನಾನೇ ಜವಾಬ್ದಾರಿ,” ಎಂದೆ. ಅಕ್ಕನಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ಇನ್ನು ಮಂಗಳಾರತಿ ಎಂದು ಕಿವಿಗೆ ಫೋನ್ ಒತ್ತಿ ನಿಂತೆ. ಮೈದಾನದಲ್ಲಿ ಮೇಘಿ ಗಂಟಲು ಹರಿಯುವ ಹಾಗೆ ಖೋ ಎಂದು ಕೂಗಿದಳು.

“ಅದು ಮೇಘಿನಾ ಕಿರುಚ್ತಿರೋದು?”

“ಹೂಂ ಅಕ್ಕ. ಇಡ್ಲಾ?”

“ಬೇಡ, ಇಡ್ಬೇಡ,” ಎಂದಳು ಅಕ್ಕ. “ಫೋನನ್ನ ಸ್ವಲ್ಪ ಆ ಕಡೆ ಹಿಡಿ.”